ಹೆರನ್ಸ್ ತಂಡದ ಚನ್ನಬಸವ್ವ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಹೆಂಡತಿ ಚನ್ನಬಸವ್ವ ಮಾತು ಕಡಿಮೆ ಮಾಡುತ್ತಿದ್ದಳು. ರೊಟ್ಟಿ ಬಡಿಯುವಾಗಲೂ ಅವಳ ಲಕ್ಷ್ಯ ಬೇರೆಲ್ಲೋ ಇರುತ್ತಿತ್ತು. ನಾನು ಏನಾದರೂ ಕೇಳಿದರೆ, "ತಡೀರಿ, ಆ ಎಡಗೈ ಹುಡುಗನ್ನ ಎಲ್ಲೆ ನಿಲ್ಸೂದಂತ ವಿಚಾರ ಮಾಡಾಕತ್ತೀನಿ" ಅನ್ನುತ್ತಿದ್ದಳು. ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬಂದ ನೆಂಟರಿಗೆ ಇದು ಅರ್ಥವಾಗುತ್ತಿರಲಿಲ್ಲ. ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಹೆಣ್ಣುಮಗಳು ಲಂಡನ್ನಿನಲ್ಲಿ ಬೇಸ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುತ್ತಾಳೆ ಎಂದರೆ ಕೆಲವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವಳು ಆರಿಸುವುದನ್ನು ಹತ್ತಿರ ನಿಂತು ನೋಡಿದವನು ನಾನು.

ನಾನು ಶಾಂತಪ್ಪ. ಎಜ್‌ವೇರ್‌ನ ಒಂದು ಶಾಲೆಯಲ್ಲಿ ಕೇರ್‌ಟೇಕರ್ ಆಗಿದ್ದೆ. ಬಾಗಿಲು ತೆಗೆಯುವುದು, ಬಾಯ್ಲರ್ ನೋಡಿಕೊಳ್ಳುವುದು, ಒಡೆದ ಕಿಟಕಿಗೆ ಗಾಜು ಹಾಕಿಸುವುದು ನನ್ನ ಕೆಲಸ. ಚನ್ನಬಸವ್ವ ಅದೇ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದಳು. ಊರಲ್ಲಿ ಅವಳು ಹೈಸ್ಕೂಲಿನ ಆಟದ ಟೀಚರ್ ಆಗಿದ್ದವಳು. ಅದಕ್ಕೂ ಮುಂಚೆ ಧಾರವಾಡದಲ್ಲಿ ಕಾಲೇಜು ಓದುವಾಗ ಸಾಫ್ಟ್‌ಬಾಲ್ ಆಡುತ್ತಿದ್ದಳು. ಹೆಣ್ಣು ನೋಡಲು ಹೋದಾಗ ನಮ್ಮತ್ತೆ, "ಆಟದಾಗ ಭಾಳ ಹುಷಾರದಾಳ್ರಿ" ಅಂದಿದ್ದರು. ನಾನು ಖೋಖೋ ಇರಬೇಕು ಅಂದುಕೊಂಡಿದ್ದೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿಯಂಥ ಆಟ ಎಂದು ನನಗೆ ತಿಳಿದದ್ದು ಲಂಡನ್ನಿಗೆ ಬಂದ ಎಷ್ಟೋ ವರ್ಷಗಳ ಮೇಲೆ.

ಅದು ತೊಂಬತ್ತೈದರ ಚಳಿಗಾಲ. ಎಜ್‌ವೇರ್ ಹೆರನ್ಸ್ ಎಂಬ ತಂಡದವರು ಭಾನುವಾರ ನಮ್ಮ ಶಾಲೆಯ ಜಿಮ್ ಬಾಡಿಗೆಗೆ ಹಿಡಿದಿದ್ದರು. ಹೊರಗಿನ ಮೈದಾನ ಕೆಸರಾಗಿದ್ದರಿಂದ ಒಳಗೇ ಅಭ್ಯಾಸ. ತಂಡ ನಡೆಸುತ್ತಿದ್ದವನು ಡೆರಿಕ್ ಎಂಬ ಬಸ್ ಡ್ರೈವರ್. ಹರೆಯದಲ್ಲಿ ಕೆನಡಾದಲ್ಲಿದ್ದು ಈ ಆಟದ ಹುಚ್ಚು ಹಿಡಿಸಿಕೊಂಡು ಬಂದಿದ್ದ. ಅವನ ತಂಡದಲ್ಲಿ ಅಮೆರಿಕದ ವಿದ್ಯಾರ್ಥಿಗಳು, ಜಪಾನಿನ ಬ್ಯಾಂಕಿನವರು, ಒಬ್ಬ ಪ್ಲಂಬರ್, ಹೀಗೆ ಎಲ್ಲ ಥರದ ಜನ. ನಾನು ಜಿಮ್ಮಿನ ಬಾಗಿಲು ತೆಗೆದು ಅವರು ಮುಗಿಸುವ ತನಕ ಕಾಯಬೇಕಿತ್ತು. ಮನೆಯಲ್ಲಿ ಕೂತು ಬೇಸತ್ತು ಚನ್ನಬಸವ್ವ ಫ್ಲಾಸ್ಕಿನಲ್ಲಿ ಚಹಾ ತಗೊಂಡು ನನ್ನ ಜೊತೆ ಬರುತ್ತಿದ್ದಳು. ಒಂಬತ್ತು ವರ್ಷದ ನಮ್ಮ ಮಗಳು ಸ್ಫೂರ್ತಿ ಮೂಲೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು.

ಒಂದು ಭಾನುವಾರ ಅವರ ಕ್ಯಾಚರ್ ಜ್ವರ ಬಂದು ಮಲಗಿದ್ದ. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವವನೇ ಕ್ಯಾಚರ್. ಅವನಿಲ್ಲದೆ ಹುಡುಗರು ಗೋಡೆಗೆ ಆನಿಸಿದ ಹಾಸಿಗೆಗೆ ಚೆಂಡು ಎಸೆಯುತ್ತಿದ್ದರು. ಚನ್ನಬಸವ್ವ ಸ್ವಲ್ಪ ಹೊತ್ತು ನೋಡಿದಳು.

"ರೀ, ನಾ ಕೂಡಲೇನು?" ಅಂದಳು.

"ಎಲ್ಲೆ?"

"ಅಲ್ಲೆ. ಹಾಸಿಗಿ ಮುಂದ."

ನಾನು ಹೂಂ ಅನ್ನುವಷ್ಟರಲ್ಲಿ ಎದ್ದು ಹೋಗಿ ಡೆರಿಕ್‌ನನ್ನು ಕೇಳಿಯೇ ಬಿಟ್ಟಳು. ಅವನು ಅವಳ ಚೂಡಿದಾರ, ಅದರ ಮೇಲಿನ ದಪ್ಪ ಸ್ವೆಟರು ನೋಡಿದ. ಏನನ್ನಿಸಿತೋ, ಮುಖವಾಡ, ಗ್ಲೋವು ಕೊಟ್ಟ. ಅವಳು ವೇಲನ್ನು ಸೊಂಟಕ್ಕೆ ಬಿಗಿದು ಕೂತಳು. ಪಿಚರ್ ಹುಡುಗ ಹೂವು ಎಸೆದ ಹಾಗೆ ಮೆತ್ತಗೆ ಎಸೆದ. ಅವಳು ಹಿಡಿದು ತಿರುಗಿ ಎಸೆದದ್ದು ಎಷ್ಟು ಜೋರಿತ್ತೆಂದರೆ ಅವನ ಗ್ಲೋವು ಚಟ್ ಎಂದಿತು. ಜಿಮ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಿಮ್ಮಜ್ಜಿಗೆ ಎಸೆದ ಹಾಗೆ ಎಸೆಯಬೇಡ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ನಾನು ಕ್ಯಾಚರ್."

ಹದಿನೈದು ವರ್ಷ ಸಾಫ್ಟ್‌ಬಾಲ್ ಮುಟ್ಟದ ಕೈ. ಆ ಸಂಜೆ ಅಂಗೈ ಕೆಂಪಗೆ ಊದಿತ್ತು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಒಬ್ಬಳೇ ನಗುತ್ತಿದ್ದಳು. ಲಂಡನ್ನಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಭಾನುವಾರ ಡೆರಿಕ್ ಅವಳನ್ನು ಕೇಳಿದ: "ನಾಲ್ಕು ಜನ ಪಿಚರ್‌ಗಳ ಚೆಂಡು ಹಿಡಿದೆಯಲ್ಲ, ಯಾರು ಒಳ್ಳೆಯವರು?"

ಅವಳು ಯೋಚಿಸಿ ಹೇಳಿದಳು. ಕೆಂಪು ಕೂದಲಿನ ಎತ್ತರದ ಹುಡುಗನ ಚೆಂಡು ಎಲ್ಲರಿಗಿಂತ ಜೋರು. ಆದರೆ ಒಂದು ಚೆಂಡು ತಪ್ಪಿದರೆ ಅವನು ಸುತ್ತಲಿದ್ದವರ ಮುಖ ನೋಡುತ್ತಾನೆ. ಆಮೇಲಿನದು ಇನ್ನೂ ಕೆಡುತ್ತದೆ. ಜಪಾನಿನವನ ಚೆಂಡು ನಿಧಾನ, ಆದರೆ ಕೇಳಿದ ಜಾಗಕ್ಕೆ ಬರುತ್ತದೆ. ತಪ್ಪಿದರೆ ತನ್ನ ಬೂಟು ನೋಡಿಕೊಂಡು, ಉಸಿರು ಬಿಟ್ಟು, ಮತ್ತೆ ಎಸೆಯುತ್ತಾನೆ. "ಮೊದಲು ಅವನನ್ನು ಆಟಕ್ಕೆ ಇಳಿಸು," ಅಂದಳು.

ಹಾಗೆ ಅವಳು ತಂಡದವಳಾದಳು. ಪ್ರತಿ ಮಾರ್ಚ್ ತಿಂಗಳಲ್ಲೂ ಹೆರನ್ಸ್ ತಂಡ ಹೊಸಬರನ್ನು ಕರೆದು ಶಿಬಿರ ನಡೆಸುತ್ತಿತ್ತು. ಎರಡು ವಾರ ಜಿಮ್ಮಿನಲ್ಲಿ, ಆಮೇಲೆ ಶಾಲೆಯ ಹಿಂದಿನ ಮೈದಾನದಲ್ಲಿ. ಹಳಬರು, ಹೊಸಬರು ಎಲ್ಲರನ್ನೂ ಓಡಿಸಿ, ಎಸೆಸಿ, ಹೊಡೆಸಿ ನೋಡುತ್ತಿದ್ದರು. ಗಾಳಿ ಎಂದರೆ ಕಿವಿ ಕೊಯ್ಯುವ ಗಾಳಿ. ಚನ್ನಬಸವ್ವ ನನ್ನ ಹಳೆಯ ಕೋಟು ಹಾಕಿಕೊಂಡು, ತಲೆಗೆ ಉಣ್ಣೆ ಟೊಪ್ಪಿಗೆ ಎಳೆದುಕೊಂಡು, ಆಟಗಾರರ ನಡುವೆ ಅಡ್ಡಾಡುತ್ತಿದ್ದಳು. ಬೇರೆಯವರು ಹೊಡೆಯುವವನನ್ನು ನೋಡಿದರೆ ಇವಳು ಪಾಳಿ ಕಾಯುತ್ತ ನಿಂತವರನ್ನು ನೋಡುತ್ತಿದ್ದಳು. ಯಾರು ಚೆಂಡು ಆರಿಸಿ ತಂದುಕೊಡುತ್ತಾನೆ, ಯಾರು ಇನ್ನೊಬ್ಬನ ಹೊಡೆತಕ್ಕೆ ಭೇಷ್ ಅನ್ನುತ್ತಾನೆ, ಯಾರಿಗೆ ಚಳಿಯಲ್ಲೂ ಸುಮ್ಮನೆ ನಿಲ್ಲಲಿಕ್ಕಾಗುವುದಿಲ್ಲ ಎಂಬುದೆಲ್ಲ ಅವಳಿಗೆ ಬೇಕಿತ್ತು.

ಆರಿಸುವುದು ಸುಲಭ, ಬಿಡುವುದು ಕಷ್ಟ. ಅವಳು ಬರುವ ಮುಂಚೆ, ಬೇಡವಾದವರಿಗೆ ಡೆರಿಕ್ ಫೋನೇ ಮಾಡುತ್ತಿರಲಿಲ್ಲ. ಕರೆ ಬರಲಿಲ್ಲ ಎಂದರೆ ಅವರೇ ತಿಳಿದುಕೊಳ್ಳಬೇಕು. ಚನ್ನಬಸವ್ವ ಇದಕ್ಕೆ ಒಪ್ಪಲಿಲ್ಲ. "ಮನಿಗೆ ಬಂದವರಿಗೆ ಹೋಗಿ ಬರ್ರಿ ಅಂತರ ಅನ್ನಬೇಕಲ್ಲ್ರೀ," ಎಂದು ನನ್ನ ಹತ್ತಿರ ಸಿಟ್ಟಾದಳು. ಶಿಬಿರದ ಕೊನೆಯ ದಿನ, ಬಿಟ್ಟ ಒಬ್ಬೊಬ್ಬರನ್ನೂ ಕರೆದುಕೊಂಡು ಮೈದಾನಕ್ಕೆ ಒಂದು ಸುತ್ತು ಹಾಕುತ್ತಿದ್ದಳು. ಯಾಕೆ ಬೇಡ ಎಂದು ನೇರವಾಗಿ ಹೇಳಿ, ಏನು ತಿದ್ದಿಕೊಂಡು ಬಂದರೆ ಮುಂದಿನ ವರ್ಷ ನೋಡುತ್ತೇನೆ ಎನ್ನುವುದನ್ನೂ ಹೇಳುತ್ತಿದ್ದಳು. ಕೆಲವರು ಮುಖ ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದರು. ಹಾಗೆ ಹೋದವರಲ್ಲಿ ಎಷ್ಟೋ ಜನ ಮರುವರ್ಷ ತಿರುಗಿ ಬರುತ್ತಿದ್ದರು.

ಅವಳೂ ತಪ್ಪಿದ್ದುಂಟು. ಆ ಪ್ಲಂಬರನ ಕೈ ಸೋತಿದೆ ಎಂದು ಒಂದು ವರ್ಷ ಬಿಟ್ಟಳು. ಅವನು ಬೇರೆ ತಂಡ ಸೇರಿ, ಅದೇ ಬೇಸಿಗೆಯಲ್ಲಿ ನಮ್ಮ ವಿರುದ್ಧವೇ ಚೆಂಡನ್ನು ಬೇಲಿಯಾಚೆ ಬಸ್‌ಸ್ಟಾಪಿನ ತನಕ ಹೊಡೆದ. ಚನ್ನಬಸವ್ವ ನಮ್ಮ ಬೆಂಚಿನಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಡೆರಿಕ್ ತಲೆ ಚಚ್ಚಿಕೊಂಡ.

ಎರಡು ಸಾವಿರದ ಒಂದರ ಶಿಬಿರಕ್ಕೆ ಯಶಸ್ ಎಂಬ ಬೆಂಗಳೂರಿನ ಹುಡುಗ ಬಂದ. ಸಾಫ್ಟ್‌ವೇರ್ ಕೆಲಸಕ್ಕೆ ವೀಸಾ ಮೇಲೆ ಬಂದವನು, ವಾರದ ಕೊನೆಗೆ ಏನು ಮಾಡಬೇಕೆಂದು ತಿಳಿಯದೆ ಚಡಪಡಿಸುತ್ತಿದ್ದವನು. ಚನ್ನಬಸವ್ವನ ಟೊಪ್ಪಿಗೆಯ ಕೆಳಗಿನ ಕುಂಕುಮ ನೋಡಿ ನೇರವಾಗಿ ಕನ್ನಡದಲ್ಲೇ ಶುರು ಮಾಡಿದ.

"ಆಂಟಿ, ನಾನು ಕಾಲೇಜ್ ಟೀಮಲ್ಲಿ ಫಾಸ್ಟ್ ಬೌಲರ್. ಪಿಚರ್ ಮಾಡಿ ನನ್ನ, ಸುಮ್ನೆ ನೋಡ್ತಾ ಇರಿ."

"ಕನ್ನಡದವ ಅಂತ ನಿನಗ ಬ್ಯಾರೆ ಏನೂ ಇಲ್ಲಪಾ. ಒಗಿ, ನೋಡೂಣು."

ಅವನು ಎಸೆದ. ಓಡಿಬಂದು ಕೈ ನೆಟ್ಟಗೆ ತಿರುಗಿಸಿ ರೂಢಿಯಾದವನಿಗೆ ನಿಂತಲ್ಲೇ ಎಸೆಯಲಿಕ್ಕೆ ಬರಲಿಲ್ಲ. ಒಂದು ಚೆಂಡು ಡೆರಿಕ್‌ನ ಚಹಾದ ಕಪ್ಪಿಗೇ ಹೋಗಿ ಬಿತ್ತು. ಹುಡುಗ ನಾಚಿಕೊಂಡ. ಆದರೆ ದೂರ ಹೋದ ಚೆಂಡುಗಳನ್ನು ತರಲು ಅವನು ಓಡಿದ್ದನ್ನು ಚನ್ನಬಸವ್ವ ನೋಡುತ್ತಿದ್ದಳು.

"ಪಿಚರ್ ಅಲ್ಲ ನೀ," ಅಂದಳು. "ಹೋಗಿ ಅಕಾ ಅಲ್ಲೆ ನಟ್ಟನಡುವ, ದೂರ ನಿಲ್ಲು. ಮ್ಯಾಲೆ ಬಂದಿದ್ದೆಲ್ಲಾ ನಿಂದ."

"ಅಷ್ಟು ದೂರನಾ? ಅಲ್ಲಿ ಬೋರ್ ಆಗಲ್ವಾ ಆಂಟಿ?"

"ಓಡಾಕ ಹತ್ತಿದ್ರ ಹೆಂಗ ಬೋರ್ ಅಕ್ಕೈತಿ?"

ಯಶಸ್ ಅಲ್ಲೇ ನಿಂತ. ವರ್ಷಗಟ್ಟಲೆ ನಿಂತ. ಶನಿವಾರ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಉಂಡು ಭಾನುವಾರ ಓಡುವುದು ಅವನಿಗೆ ಪದ್ಧತಿಯಾಯಿತು.

ಇನ್ನು ಸ್ಫೂರ್ತಿಯ ವಿಷಯ. ಜಿಮ್ಮಿನ ಮೂಲೆಯಲ್ಲಿ ಬೆಳೆದ ಹುಡುಗಿ, ಹದಿನೇಳಕ್ಕೆ ಬಂದಾಗ ತಾನೂ ಹೆರನ್ಸಿನ ಎರಡನೆಯ ತಂಡದಲ್ಲಿ ಆಡುತ್ತೇನೆ ಅಂದಳು. ಹೆಣ್ಣು ಎಂದು ಯಾರೂ ಬೇಡ ಅನ್ನಲಿಲ್ಲ. ಎರಡು ಸಾವಿರದ ಮೂರರ ಶಿಬಿರಕ್ಕೆ ಎಲ್ಲರ ಹಾಗೆ ಹೆಸರು ಕೊಟ್ಟು ಬಂದಳು. ಚನ್ನಬಸವ್ವ ಡೆರಿಕ್‌ಗೆ, "ಇವಳನ್ನು ನೀನೇ ನೋಡು" ಅಂದಳು. ಅವನು ಕೈ ಆಡಿಸಿದ. "ಎಂಟು ವರ್ಷದಿಂದ ಎಲ್ಲರನ್ನೂ ನೀನು ನೋಡಿದ್ದೀಯ. ಇವಳನ್ನು ನಾನು ನೋಡಿದರೆ ಜನ ಏನನ್ನುತ್ತಾರೆ? ನೀನೇ ನೋಡು."

ಮೂರು ವಾರ ನೋಡಿದಳು. ಕೊನೆಯ ದಿನ ಮೈದಾನದ ಆ ತುದಿಯಲ್ಲಿ ತಾಯಿ ಮಗಳು ಸುತ್ತು ಹಾಕಲು ಹೊರಟದ್ದನ್ನು ಜಿಮ್ಮಿನ ಬಾಗಿಲಲ್ಲಿ ನಿಂತು ನೋಡಿದೆ. ಎಂಥವರನ್ನು ಅವಳು ಸುತ್ತು ಹಾಕಲು ಕರೆದೊಯ್ಯುತ್ತಾಳೆಂದು ನನಗೆ ಗೊತ್ತಿತ್ತು. ಅರ್ಧ ಸುತ್ತಿಗೇ ಸ್ಫೂರ್ತಿ ಒಬ್ಬಳೇ ಬಿರಬಿರನೆ ತಿರುಗಿ ಬಂದಳು.

"ಶೀ ಕಟ್ ಮಿ ಫ್ರಮ್ ದ ಟೀಮ್, ಅಪ್ಪಾ. ಹರ್ ಓನ್ ಡಾಟರ್!"

ಮನೆಗೆ ಬಂದ ಮೇಲೆ ಚನ್ನಬಸವ್ವನನ್ನು ಕೇಳಿದೆ. "ಒಂದ್ ವರ್ಷ ಎರಡನೇ ಟೀಮಿನಾಗ ಆಡಿದ್ರ ಏನ್ ಆಕ್ಕಿತ್ತು?"

"ಕಾಲು ನಿಧಾನ ಅದಾವ್ರಿ ಆಕಿವು. ಬ್ಯಾಟು ಬೀಸೂದಕ್ಕಿಂತ ಬರೋ ಚೆಂಡ ನೋಡ್ತಾ ನಿಂತಿರ್ತಾಳ." ಕೋಟು ತೆಗೆದು ಮೊಳೆಗೆ ಹಾಕಿದಳು. "ಆಕಿನ್ನ ಇಟ್ಕೊಂಡ್ರ ಜೋರ ಓಡೋ ಮತ್ತೊಬ್ಬ ಹುಡುಗನ್ನ ಬಿಡಬೇಕು. ಅಂವಗೂ ಅವ್ವ ಅದಾಳಲ್ಲ."

ಆ ವಸಂತವೆಲ್ಲ ಸ್ಫೂರ್ತಿ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ.

ಮರುವರ್ಷ ಲೀಗಿನವರು ಅಂಪೈರ್ ಸಾಲುತ್ತಿಲ್ಲ, ಪ್ರತಿ ತಂಡವೂ ಒಬ್ಬರನ್ನು ತರಬೇತಿಗೆ ಕಳಿಸಬೇಕು ಅಂದರು. ಬೈಸಿಕೊಳ್ಳುವ ಕೆಲಸ ಯಾರಿಗೂ ಬೇಡ. ಯಶಸ್ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ತಮಾಷೆಯಾಗಿ ಹೇಳುತ್ತಿದ್ದ. ಸ್ಫೂರ್ತಿ ತಟ್ಟೆಯಿಂದ ತಲೆ ಎತ್ತಿ, "ಐ ವಿಲ್ ಡೂ ಇಟ್" ಅಂದಳು. ತಾಯಿಯ ಮೇಲಿನ ಸಿಟ್ಟಿಗೆ ಹೇಳಿದಳೋ, ಆಸೆಗೆ ಹೇಳಿದಳೋ, ನನಗೆ ಇವತ್ತಿಗೂ ತಿಳಿಯದು. ಆದರೆ ಹೋದಳು. ಕಲಿತಳು. ಮಕ್ಕಳ ಪಂದ್ಯಗಳಲ್ಲಿ ನಿಂತಳು, ಆಮೇಲೆ ದೊಡ್ಡವರ ಪಂದ್ಯಗಳಲ್ಲಿ. ಕ್ಯಾಚರನ ಬೆನ್ನ ಹಿಂದೆ ಬಗ್ಗಿ ನಿಂತು, ಬಂದ ಪ್ರತಿ ಚೆಂಡೂ ಸರಿಯೋ ತಪ್ಪೋ ಎಂದು ಕೂಗಿ ಹೇಳುವ ಕೆಲಸ. ಅವಳು ಗಟ್ಟಿಯಾಗಿ ಹೇಳುತ್ತಾಳೆ, ಹೇಳಿದ್ದು ಬದಲಿಸುವುದಿಲ್ಲ ಎಂದು ಬೇರೆ ತಂಡದವರು ಹೊಗಳುವುದು ನನ್ನ ಕಿವಿಗೂ ಬೀಳತೊಡಗಿತು. ತಾಯಿಯ ತಂಡದ ಪಂದ್ಯಕ್ಕೆ ಮಾತ್ರ ಅವಳನ್ನು ಯಾರೂ ಹಾಕುತ್ತಿರಲಿಲ್ಲ.

ಎರಡು ಸಾವಿರದ ಆರರ ಜೂನ್‌ನಲ್ಲಿ ಸ್ಟ್ರಾಟ್‌ಫರ್ಡ್ ಕಡೆಯ ಒಂದು ತಂಡ ನಮ್ಮ ಮೈದಾನಕ್ಕೆ ಬಂತು. ಗೆದ್ದವರು ಮುಂದಿನ ಸುತ್ತಿಗೆ. ಬರಬೇಕಾಗಿದ್ದ ಅಂಪೈರ್ ಟ್ಯೂಬ್ ರೈಲು ನಿಂತುಹೋಗಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದ. ನೋಡಲು ಬಂದಿದ್ದ ಸ್ಫೂರ್ತಿಯನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಡೆರಿಕ್ ಎದುರಿನ ನಾಯಕನಿಗೆ, ಇವಳು ಚನ್ನಬಸವ್ವನ ಮಗಳು ಎಂದು ಮೊದಲೇ ಹೇಳಿದ. ಆ ನಾಯಕ ನಕ್ಕು, "ಅವಳಾದರೆ ನಮಗೆ ಅಡ್ಡಿ ಇಲ್ಲ" ಅಂದ. ಆ ಮಾತು ಕೇಳಿ ನನಗೆ ಅಲ್ಲೇ ಎದೆ ಉಬ್ಬಿತು.

ಪಂದ್ಯ ಕೊನೆಯ ಹಂತಕ್ಕೆ ಬಂತು. ನಾವು ಒಂದು ರನ್ ಹಿಂದೆ. ಬ್ಯಾಟು ಹಿಡಿದವನು ಯಶಸ್, ಅವನು ಔಟಾದರೆ ಪಂದ್ಯ ಮುಗಿದಂತೆ. ಎದುರಾಳಿ ಎಸೆದ ಚೆಂಡು ಕೆಳಗೆ ಹೋಯಿತೆಂದು ಯಶಸ್ ಬೀಸದೆ ಬಿಟ್ಟ. ಸ್ಫೂರ್ತಿ ಬಲಗೈ ಮೇಲೆತ್ತಿ "ಸ್ಟ್ರೈಕ್!" ಎಂದು ಕೂಗಿದಳು. ಚೆಂಡು ಸರಿಯಾಗಿಯೇ ಬಂದಿತ್ತು, ಬಿಟ್ಟದ್ದು ನಿನ್ನ ತಪ್ಪು ಎಂದು ಅದರ ಅರ್ಥ. ಅಂಥವು ಮೂರಾದರೆ ಔಟ್. ಬೆಂಚಿನಿಂದ ಚನ್ನಬಸವ್ವ ಎದ್ದಳು.

"ಕೆಳಗಿತ್ತು ಅದು!"

ಸ್ಫೂರ್ತಿ ತಿರುಗಿ ನೋಡಲಿಲ್ಲ. ಇನ್ನೊಂದು ಚೆಂಡು. ಮತ್ತೆ "ಸ್ಟ್ರೈಕ್!"

"ಏ ಸ್ಫೂರ್ತಿ, ಕಣ್ಣು ಎಲ್ಲಿ ಇಟ್ಟೀಯ? ಮೊಳಕಾಲಿಗಿಂತ ಕೆಳಗಿತ್ತಲ್ಲ!" ಎಂದು ಚನ್ನಬಸವ್ವ ಗೆರೆ ದಾಟಿ ನಡೆದೇ ಬಿಟ್ಟಳು.

ಸ್ಫೂರ್ತಿ ಮುಖವಾಡ ತೆಗೆದಳು. ಇಪ್ಪತ್ತರ ಹುಡುಗಿ, ಬೆವರಿನಿಂದ ಹಣೆಗೆ ಕೂದಲು ಅಂಟಿತ್ತು. ತಾಯಿ ಹತ್ತಿರ ಬರುವ ತನಕ ಕಾದಳು. ಆಮೇಲೆ, ಎಂದೂ ನಮ್ಮ ಜೊತೆ ಇಂಗ್ಲಿಷ್ ಬಿಟ್ಟು ಆಡದವಳು, ಕನ್ನಡದಲ್ಲಿ ಹೇಳಿದಳು.

"ಅವ್ವಾ, ಸರಿ ಇತ್ತು ಅದು. ಹೋಗಿ ಕೂತ್ಕೋ. ಇನ್ನೊಂದ್ ಮಾತಾಡಿದ್ರ ಹೊರಗ ಹಾಕ್ತೀನಿ."

"ನನ್ನ? ಹೊರಗ? ಕೆಳಗಿತ್ತಂದ್ರ ಕೆಳಗಿತ್ತು!"

ಸ್ಫೂರ್ತಿಯ ಕೈ ಮೇಲೆದ್ದು ಬೇಲಿಯ ಕಡೆ ಚಾಚಿತು. ಎದುರಿನ ತಂಡದವರೂ ನಗಲಿಲ್ಲ. ಚನ್ನಬಸವ್ವ ಒಂದು ಗಳಿಗೆ ಮಗಳ ಮುಖವನ್ನೇ ನೋಡಿದಳು. ಮಗಳು ಕಣ್ಣು ಕದಲಿಸಲಿಲ್ಲ. ತಾಯಿ ತಿರುಗಿ, ತಂಡದ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಬೇಲಿಯಾಚೆ ನಾನು ನಿಂತಲ್ಲಿಗೆ ನಡೆದು ಬಂದಳು. ಅತ್ತಾಳೋ, ಬೈದಾಳೋ ಎಂದು ನಾನು ಹೆದರಿ ನಿಂತಿದ್ದೆ.

"ನೋಡಿದ್ರ್ಯಾ?" ಅಂದಳು. ಮುಖ ಅರಳಿತ್ತು. "ಹೊರಗ ಹಾಕಿದ್ಲು ನನ್ನ! ಒಂದೀಟರ ಅಂಜಿದ್ಲೇನು?"

"ಚೆಂಡು ಕೆಳಗಿತ್ತೇನು ಖರೇನ?" ಎಂದು ಕೇಳಿದೆ.

"ಎಲ್ಲಿದು? ಸರಿ ಇತ್ತು. ಮೊದಲನೇದೂ ಸರಿ ಇತ್ತು. ಪಂದ್ಯ ಕೈ ಬಿಡ್ತೈತಲ್ಲ ಅಂತ ನಾ ಸುಮ್ನ ಒದರಿದೆ." ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡುತ್ತ ನಿಂತಳು. "ಬ್ಯಾಟು ಬೀಸೂದ ಬಿಟ್ಟು ಚೆಂಡ ನೋಡ್ತಾ ನಿಂತಿರ್ತಾಳ ಅಂದಿದ್ದೆ ನಾ. ಏನ್ ನೋಡ್ತಾಳ ಅಂತ ತಿಳಿದ ಇರಲಿಲ್ಲ ನೋಡ್ರಿ ನನಗ. ಎಲ್ಲಾರ್ನೂ ನೋಡಿದ ಹೆಣ್ಣಮಗಳು, ಇದನ್ನ ಬಿಟ್ಟೆ."

ಯಶಸ್ ಮುಂದಿನ ಚೆಂಡಿಗೆ ಬ್ಯಾಟು ಬೀಸಿದ, ತಪ್ಪಿದ, ನಾವು ಸೋತೆವು. ಡೆರಿಕ್ ಹ್ಯಾಟು ನೆಲಕ್ಕೆ ಒಗೆದ. ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕುವಾಗ ಸ್ಫೂರ್ತಿ ಸಾಮಾನು ಕಟ್ಟಿಕೊಂಡು ಬೇಲಿಯ ಹತ್ತಿರ ಬಂದಳು. ಸ್ವಲ್ಪ ಅಳುಕಿದ್ದಳು. ಚನ್ನಬಸವ್ವ ಅವಳ ಭಾರದ ಚೀಲವನ್ನು ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡಳು.

"ಹಸಿವಾಗೇದೇನು?" ಎಂದು ಕೇಳಿದಳು.

"ಸ್ಟಾರ್ವಿಂಗ್," ಅಂದಳು ಸ್ಫೂರ್ತಿ.

ಕಾರಿನತ್ತ ಇಬ್ಬರೂ ಮುಂದೆ ಮುಂದೆ ನಡೆದರು. ಆ ಎರಡನೆಯ ಚೆಂಡು ಎಷ್ಟು ಬೆರಳು ಒಳಗಿತ್ತು ಎಂದು ದಾರಿಯುದ್ದಕ್ಕೂ ವಾದ ಮಾಡುತ್ತಿದ್ದರು. ಒಬ್ಬಳು ಕನ್ನಡದಲ್ಲಿ, ಒಬ್ಬಳು ಇಂಗ್ಲಿಷಿನಲ್ಲಿ. ನಾನು ಗೇಟಿಗೆ ಬೀಗ ಹಾಕಿ, ಅವರನ್ನು ಹಿಂದಿನಿಂದ ನೋಡುತ್ತ ನಿಧಾನವಾಗಿ ನಡೆದೆ.