ನರ ಬಸ್ ಹತ್ತಿ ಹೋದ ಹಾಡು

ನರ್ಸಿಂಗ್ ಮುಗಿಸಿ ಹೊನ್ನಾವರದ ಆಸ್ಪತ್ರೆಯೊಂದಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನಗೊಂದು ಸತ್ಯ ಗೊತ್ತಾಯಿತು. ನಾನು ಹತ್ತಿರ ಹೋದರೆ ಸಾಕು, ಜನರ ಕೈಯ ನರಗಳು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದವು. ಕಾಲೇಜಿನ ಪ್ಲಾಸ್ಟಿಕ್ ಕೈಗೆ ನಾನು ಸೂಜಿ ಹಾಕುವುದನ್ನು ಟೀಚರು ಉಳಿದವರನ್ನು ಕರೆದು ತೋರಿಸುತ್ತಿದ್ದರು. ಆದರೆ ಆ ಕೈಗೆ ಬಾಯಿ ಇರಲಿಲ್ಲ. ಇಲ್ಲಿ ಪ್ರತಿ ಕೈಗೂ ಒಂದು ಬಾಯಿ, ಪಕ್ಕದ ಸ್ಟೂಲಿನ ಮೇಲೆ ಜೊತೆಗೆ ಬಂದ ಚಿಕ್ಕಮ್ಮನ ಇನ್ನೊಂದು ಬಾಯಿ.

ಹಾಗಾಗಿ ಸಲೈನ್ ಹಾಕುವ ಕೆಲಸ ಬಂತೆಂದರೆ ನಾನು ಹಾಸಿಗೆ ಸರಿಮಾಡಲು ಓಡುತ್ತಿದ್ದೆ. ಆ ತಿಂಗಳು ನಮ್ಮ ಹೆಂಗಸರ ವಾರ್ಡಿನ ಹಾಸಿಗೆಗಳಷ್ಟು ನೀಟಾದ ಹಾಸಿಗೆಗಳು ಇಡೀ ಜಿಲ್ಲೆಯಲ್ಲಿ ಇದ್ದಿರಲಾರವು. ಕುಮಟೆಯ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಬೇರೆ ಯಾವ ಕೆಲಸ ಮಾಡಬಹುದೆಂದು ಯೋಚಿಸುತ್ತಿದ್ದೆ. ಹೊಲಿಗೆ ಕಲಿತರೆ? ಅಲ್ಲೂ ಸೂಜಿಯೇ, ಆದರೆ ಬಟ್ಟೆ ‘ಅಯ್ಯಯ್ಯೋ’ ಅನ್ನುವುದಿಲ್ಲ. ಕೊನೆಗೆ ನಮ್ಮ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲೇ ಜಾಗ ಖಾಲಿಯಾಯಿತು. ಕಂಪ್ಯೂಟರಿಗೆ ನರವಿಲ್ಲ. ನನ್ನನ್ನು ಅಲ್ಲಿಗೆ ಹಾಕಿ ಎಂದು ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಅರ್ಜಿ ತೆಗೆದುಕೊಳ್ಳಬೇಕಾದ ಮೇಟ್ರನ್ ಮಾತ್ರ ರಜೆಯಲ್ಲಿದ್ದರು, ಸೋಮವಾರ ಬರುವವರಿದ್ದರು. ನಾಲ್ಕು ದಿನ ಯಾರಿಗೂ ಚುಚ್ಚದೆ ತಳ್ಳಿದರೆ ಬಚಾವಾದೆ ಎಂದುಕೊಂಡೆ.

ಅದೇ ದಿನ ಬೆಳಿಗ್ಗೆ ವಾರ್ಡಿಗೆ ಅಜ್ಜಿಯೊಬ್ಬರು ಬಂದರು.

ಕುಮಟೆ ಕಡೆಯ ಹಳ್ಳಿಯವರು, ಗದ್ದೆ ಮತ್ತು ತರಕಾರಿ ಮಾಡುವ ಮನೆಯವರು. ಜ್ವರ ಬಂದು ಸುಸ್ತಾಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಹಿರಿಯ ಸಿಸ್ಟರ್ ನನ್ನ ಕೈಯಿಂದ ಬೆಡ್‌ಶೀಟ್ ಕಿತ್ತುಕೊಂಡು ಸೂಜಿಯ ಟ್ರೇ ಕೊಟ್ಟರು.

ಅಜ್ಜಿಯ ಬಲಗೈಗೆ ರಬ್ಬರ್ ಪಟ್ಟಿ ಕಟ್ಟಿದೆ.

“ಎಂತ ತಂಗಿ, ಜ್ವರ ನಂಗೆ, ನಡುಗೂದು ನೀನು?” ಅಂದರು.

ಚುಚ್ಚಿದೆ. ನರ ಸಿಗಲಿಲ್ಲ. ‘ಸಾರಿ ಅಜ್ಜಿ’ ಅನ್ನುವಷ್ಟರಲ್ಲಿ ಅವರು ಕಣ್ಣು ಮುಚ್ಚಿ, ನಾಟಿ ಗದ್ದೆಯಲ್ಲಿ ಹೇಳುವ ಹಾಗೆ ರಾಗವಾಗಿ ಶುರು ಮಾಡಿಯೇಬಿಟ್ಟರು:

“ಬಿಳಿಯಂಗಿ ತಂಗಿ ಬಂತು, ಬಲಗೈಗೆ ಚುಚ್ಚಿತು,
ನರ ಎಲ್ಲಿ ಹೋಯ್ತೇ ತಂಗಿ, ನರ ಎಲ್ಲಿ ಹೋಯ್ತೇ?”

ಎಡಗೈಗೆ ಹೋದೆ. ಅದೂ ತಪ್ಪಿತು.

“ಎಡಗೈಗೂ ಚುಚ್ಚಿತು, ಬೆವರೆಲ್ಲ ಸುರಿಯಿತು,
ನರ ಬಸ್ಸು ಹತ್ತಿತೇ ತಂಗಿ, ಕುಮಟೆಗೆ ಹೋಯ್ತೇ!”

ಅಕ್ಕಪಕ್ಕದ ಹಾಸಿಗೆಯ ಇಬ್ಬರು ದನಿಗೂಡಿಸಿದರು. ಆಪರೇಷನ್ ಆದವಳೊಬ್ಬಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ‘ನಗಿಸಬೇಡಿ, ಸಾಯ್ತೆ’ ಎಂದು ಕೂಗಿಕೊಂಡಳು. ಎರಡು ಸಲ ತಪ್ಪಿದರೆ ಹಿರಿಯರನ್ನು ಕರೆಯಬೇಕೆಂಬ ನಿಯಮವಿತ್ತು. ಹಿರಿಯ ಸಿಸ್ಟರ್ ಬಂದು ಒಂದೇ ಸಲಕ್ಕೆ ಹಾಕಿ ಹೋದರು. ಅವರ ಮೇಲೆ ಹಾಡು ಹುಟ್ಟಲಿಲ್ಲ.

ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಅತ್ತೆ. ಮೂರು ವರ್ಷ ಓದಿ ನಾನು ಸಾಧಿಸಿದ್ದು ಒಂದು ಹಾಡು. ಮರುದಿನ ನೆಲ ಒರೆಸುವ ಅಕ್ಕ ಅದನ್ನೇ ಗುನುಗುತ್ತಿದ್ದಳು. ಅದರ ಮರುದಿನ ಕ್ಯಾಂಟೀನಿನಲ್ಲಿ, ‘ನರ ವಾಪಸ್ ಬಂತಾ ಸಿಸ್ಟರ್?’ ಎಂದು ಕೇಳಿ ಚಹಾ ಕೊಟ್ಟರು. ಜೇಬಿನ ಅರ್ಜಿಯನ್ನು ಮುಟ್ಟಿ ಮುಟ್ಟಿ ಸಮಾಧಾನ ಮಾಡಿಕೊಂಡೆ.

ನಾಲ್ಕನೆಯ ದಿನ ಅಜ್ಜಿಯ ಕೈ ಊದಿಕೊಂಡು ಸೂಜಿ ಬದಲಿಸಬೇಕಾಯಿತು. ಹಿರಿಯ ಸಿಸ್ಟರ್ ಹೋದರೆ ಅಜ್ಜಿ ಎರಡೂ ಕೈ ಹೊದಿಕೆಯೊಳಗೆ ಅಡಗಿಸಿಕೊಂಡರು.

“ಆ ತಂಗಿನೇ ಬರ್ಲಿ. ನನ್ನ ಹಾಡು ಅರ್ಧಕ್ಕೆ ನಿಂತದೆ.”

“ನಾನೇ ಹಾಕ್ತೇನೆ ಅಜ್ಜಿ, ನೋವಾಗೂದಿಲ್ಲ.”

“ನಿಂದು ಒಂದೇ ಸಲಕ್ಕೆ ಹೋತದೆ. ಅದ್ರಲ್ಲಿ ಎಂತ ಹಾಡೂಕೆ ಬತ್ತದೆ?”

ನಾನು ಹೋಗಲೇಬೇಕಾಯಿತು. ಇಡೀ ವಾರ್ಡು ಎದ್ದು ಕೂತಿತ್ತು. ಅಜ್ಜಿ ಗಂಟಲು ಸರಿಮಾಡಿಕೊಂಡು, ನಾನು ಪಟ್ಟಿ ಕಟ್ಟುವ ಮೊದಲೇ ಹಾಡು ಎತ್ತಿಕೊಂಡರು. ಈ ಸಲ ನರ ದೋಣಿ ಹತ್ತಿ ಶರಾವತಿ ದಾಟುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. “ಅಜ್ಜಿ, ಸ್ವಲ್ಪ ಬಾಯಿ ಮುಚ್ಚಿ! ನೀವು ಹೀಗೆ ಕೂಗಿದ್ರೆ ಯಾವ ನರ ಹೊರಗೆ ಬತ್ತದೆ?” ಎಂದು ಗದರಿದೆ. ಗದರುವ ಭರದಲ್ಲಿ ಹೆದರಲು ಮರೆತೆ. ಬೆರಳಿನ ಕೆಳಗೆ ನರ ಪುಟಿಯಿತು, ಸೂಜಿ ಹೋಯಿತು, ಸೂಜಿಯ ಹಿಂಬದಿಯಲ್ಲಿ ರಕ್ತ ಕಾಣಿಸಿತು. ನರ ಸಿಕ್ಕಿತ್ತು.

ಅಜ್ಜಿ ಹಾಡು ನಿಲ್ಲಿಸಿ ಕಣ್ಣು ತೆರೆದರು. “ಹೋತಾ?”

“ಹೋಯ್ತು!”

“ಛೇ, ಇನ್ನೂ ಎರಡು ಸಾಲು ಇತ್ತು,” ಎಂದು ಮುಖ ಸಣ್ಣ ಮಾಡಿಕೊಂಡರು.

ನಾನು ಆ ಕ್ಷಣವೇ ದೊಡ್ಡ ನರ್ಸ್ ಆಗಿಬಿಡಲಿಲ್ಲ. ಅದೇ ದಿನ ಇನ್ನೊಬ್ಬರಿಗೆ ಎರಡು ಸಲ ತಪ್ಪಿದೆ. ಆದರೆ ಬಾತ್‌ರೂಮಿಗೆ ಹೋಗಲಿಲ್ಲ. ಸೋಮವಾರ ಮೇಟ್ರನ್ ಮುಂದೆ ಅರ್ಜಿ ಹಿಡಿದು ನಿಂತಾಗ ವಾರ್ಡಿನಿಂದ ಯಾರೋ, ‘ಹಾಡಿನ ಸಿಸ್ಟರ್ ಎಲ್ಲಿ? ಸೂಜಿ ಹಾಕ್ಬೇಕು’ ಎಂದು ಕೂಗಿದರು. ದಿನಾಂಕ ತಪ್ಪಾಗಿದೆ, ತಿದ್ದಿ ತರುತ್ತೇನೆ ಎಂದು ಅರ್ಜಿ ವಾಪಸ್ ತೆಗೆದುಕೊಂಡೆ. ಇನ್ನೂ ತಿದ್ದಿಲ್ಲ.

ಈಗ ನಾನು ಭಟ್ಕಳದ ಒಂದು ಆಸ್ಪತ್ರೆಯಲ್ಲಿದ್ದೇನೆ. ಕಳೆದ ವಾರ ಮಧ್ಯಾಹ್ನ ಹೆಂಗಸೊಬ್ಬಳು ಸಲೈನಿಗೆ ಕೈ ಚಾಚಿ ಮಲಗಿ, ಮುಖ ಆಚೆ ತಿರುಗಿಸಿಕೊಂಡು ಮೆಲ್ಲಗೆ ಗುನುಗಿದಳು: “ನರ ಬಸ್ಸು ಹತ್ತಿತೇ ತಂಗಿ...”

ಕೇಳಿದರೆ, ತವರೂರಿನ ಅಜ್ಜಿಯೊಬ್ಬರು ಕಟ್ಟಿದ ಹಾಡಂತೆ. ಅಜ್ಜಿ ತೀರಿಹೋಗಿ ಎರಡು ವರ್ಷವಾಯಿತಂತೆ. ‘ಇನ್ನೂ ಎರಡು ಸಾಲು ಇತ್ತು’ ಎಂದು ಅವರು ಮುಖ ಸಣ್ಣ ಮಾಡಿಕೊಂಡದ್ದು ನೆನಪಾಯಿತು. ಆದರೂ ಕೈ ಕೆಲಸ ಮಾಡುತ್ತಲೇ ಇತ್ತು.

“ನಮ್ಮೂರಲ್ಲಿ ಈಗಲೂ ನಾಟಿಗೆ ಹಾಡ್ತ್ರು,” ಅಂದಳು. “ಪಾಪ, ಆ ಸಿಸ್ಟರ್ ಕೆಲ್ಸನೇ ಬಿಟ್ಟಿರ್ಬೇಕು.”

“ಹಾಡಿನ ಕೊನೆಗೆ ಸೂಜಿ ಹೋಗ್ತದಲ್ಲ?”

“ಇಲ್ಲ, ಹೋಗೂದೇ ಇಲ್ಲ. ಎಷ್ಟು ಚುಚ್ಚಿದ್ರೂ ಹೋಗೂದಿಲ್ಲ.”

“ಸುಳ್ಳು!” ನನ್ನ ದನಿ ಕಾರಿಡಾರಿನವರೆಗೂ ಹೋಯಿತು. “ನಾಲ್ಕನೇ ದಿನ ಹೋಯ್ತು! ಒಂದೇ ಸಲಕ್ಕೆ!”

ಅವಳು ಬೆಚ್ಚಿ ಈಚೆ ತಿರುಗಿದಳು. ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಸೂಜಿ ಆಗಲೇ ಒಳಗಿತ್ತು, ಮೇಲೆ ಪ್ಲಾಸ್ಟರ್ ಅಂಟಿತ್ತು, ಸಲೈನ್ ಹನಿಹನಿಯಾಗಿ ಇಳಿಯುತ್ತಿತ್ತು.

“ನೀವೇಯಾ ಅದು?” ಅಂದಳು.

“ಹೌದು. ಊರಿಗೆ ಹೋದಾಗ ಹಾಡಿಗೆ ಇದನ್ನೂ ಸೇರಿಸಿ,” ಅಂದೆ.