ಅಂಜೂರದ ರಸ, ಪಕ್ಕದ ಮನೆಯ ಶಿರಾ

“ನಿಮ್ಮ ಮನಿ ಶಿರಾ ತಿನ್ನಾಕ ಹತ್ತಿದಾಗಿಂದ ನನ್ನ ಹೊಟ್ಟಿ ಗಡಿಯಾರದಂಗ ನಡದೈತಿ ನೋಡ್ರಿ,” ಎಂದರು ಪಕ್ಕದ ಖೋಲಿಯ ಬಸಪ್ಪ, ಚಾಳಿನ ಸಂಡಾಸಿನಿಂದ ಖಾಲಿ ಡಬ್ಬ ಬೀಸುತ್ತ ಹೊರಬಂದು. ಎಪ್ಪತ್ತರ ದಶಕದ ಮುಂಬಯಿಯ ಘಾಟ್ಕೋಪರ್. ತುಂಬಿದ ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದ ನನಗೆ ಹೊಟ್ಟೆ ಕಟ್ಟಿ ವಾರವಾಗಿತ್ತು. ದಿನವೂ ಒಣ ಅಂಜೂರ ನೆನೆಸಿ, ಹಿಂಡಿ, ಬರೀ ರಸ ಕುಡಿಯುತ್ತಿದ್ದೆ.

ಮನೆಗೆ ಹೋಗಿ ಶಿರಾದ ವಿಚಾರ ಕೇಳಿದೆ. ಹೆಂಡತಿ ತಣ್ಣಗೆ ಹೇಳಿದಳು: “ಹಿಂಡಿದ ಹಣ್ಣು ಎಸೆಯೋಕೆ ಮನಸ್ಸಾಗಲಿಲ್ಲ. ನಿಮಗೆ ಸಿಹಿ ಸೇರಲ್ಲ, ರವೆ ಶಿರಾಕ್ಕೆ ಹಾಕಿ ಅವರಿಗೆ ಕೊಡ್ತಿದ್ದೆ.”

ಮರುದಿನದಿಂದ ಹಣ್ಣು ನಾನೇ ತಿಂದೆ. ನೆನೆಸಿದ ನೀರನ್ನು ಶರಬತ್ತೆಂದು ಬಸಪ್ಪನವರಿಗೆ ಕಳಿಸಿದೆ.

ವಾರದ ಮೇಲೆ ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಅವರು ಮೆಲ್ಲಗೆ ಕೇಳಿದರು: “ಶಿರಾ ಮಾಡೂದು ಬಿಟ್ಟೀರೇನ್ರಿ?” ನಾನು ಡಬ್ಬ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದೆ.