ಮಾಸ್ಟರ್ ಮಗುಚಿಟ್ಟ ಗುಂಡಿ

ನಾಲ್ಕು ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾಸ್ಟರ್ ಮಾತನಾಡುತ್ತಿದ್ದರು. ಮಾತಿನ ಜೊತೆ ಪಿನ್ನುಗಳೂ ಅಲುಗುತ್ತಿದ್ದವು. ಎಲ್ಲಿ ನುಂಗಿಬಿಡುತ್ತಾರೋ ಎಂದು ಮೊದಲ ವಾರವೆಲ್ಲ ನನಗೆ ಭಯ. ಹಲಸೂರಿನ ಅವರ ಟೈಲರ್ ಅಂಗಡಿಯಲ್ಲಿ ಕಾಜಾ ತೆಗೆದು ಗುಂಡಿ ಹೊಲಿಯುವ ಕೆಲಸ ನನ್ನದು. ಆರು ವರ್ಷ ಮಾಡಿದೆ.

ಗಿರಾಕಿ ಇಲ್ಲದ ಮಧ್ಯಾಹ್ನ ಅವರು ಕತ್ತರಿಸುವ ಮೇಜಿನ ಮೇಲೆ ನೀಲಿ ಲೈನಿಂಗ್ ಬಟ್ಟೆ ಹಾಸುತ್ತಿದ್ದರು. ಅದು ಎರಡನೆಯ ಮಹಾಯುದ್ಧದ ಪೆಸಿಫಿಕ್ ಸಾಗರ. ಬಿಳಿ ಗುಂಡಿ ಅಮೆರಿಕದ ಹಡಗು, ಕಪ್ಪು ಗುಂಡಿ ಜಪಾನಿನದು. ಪರ್ಲ್ ಹಾರ್ಬರಿನಿಂದ ಶುರು. ಕಪ್ಪು ಗುಂಡಿಗಳು ಸಿಂಗಾಪುರ, ಬರ್ಮಾ ದಾಟಿ ನಮ್ಮ ಅಂಡಮಾನಿನವರೆಗೂ ಬರುತ್ತಿದ್ದವು. ಆಮೇಲೆ ಮಿಡ್‌ವೇ. ಅಲ್ಲಿ ಒಂದೇ ದಿನ ಜಪಾನಿನ ನಾಲ್ಕು ದೊಡ್ಡ ಹಡಗುಗಳಿಗೆ ಬೆಂಕಿ. ಅಲ್ಲಿಂದ ಬಿಳಿ ಗುಂಡಿಗಳು ದ್ವೀಪದಿಂದ ದ್ವೀಪಕ್ಕೆ ಸರಿದು ಓಕಿನಾವಾ ಮುಟ್ಟುತ್ತಿದ್ದವು. ಹಿರೋಷಿಮಾಕ್ಕೆ ಗುಂಡಿ ಇರಲಿಲ್ಲ; ಅಲ್ಲಿಗೆ ಬಂದಾಗ ಸುಮ್ಮನೆ ಬಟ್ಟೆ ಮಡಚುತ್ತಿದ್ದರು.

ಅವರದೊಂದು ನಿಯಮವಿತ್ತು. "ಮುಳುಗಿಸ್ದೋರು ಹೇಳಿದ್ರೆ ಗುಂಡಿ ಮಗುಚಿಡು. ಕಳ್ಕೊಂಡೋರು ಒಪ್ಕೊಂಡ್ರೆ ಮಾತ್ರ ತೆಗಿ. ಟೋಕಿಯೋ ರೇಡಿಯೋದವ್ರು ಒಂದೇ ಹಡಗನ್ನ ಎಷ್ಟ್ ಸಲ ಮುಳುಗಿಸಿದ್ರು ಗೊತ್ತೇನಮ್ಮಾ? ಅದು ಮತ್ತೆ ಮತ್ತೆ ಎದುರಿಗೆ ಬಂದು ನಿಲ್ತಿತ್ತು!"

ನನ್ನ ಗಂಡ ಸರಕು ಹಡಗಿನಲ್ಲಿ ಫಿಟ್ಟರ್. ಒಂದು ಸೋಮವಾರ ಟಿವಿಯಲ್ಲಿ ಕೆಂಪು ಸಮುದ್ರದಲ್ಲಿ ಹಡಗೊಂದು ಉರಿಯುವುದನ್ನು ತೋರಿಸಿದರು. ಹೆಸರು ಅವನ ಹಡಗಿನದೇ. ಯಾರೂ ಬದುಕಿಲ್ಲ ಎಂದು ದಾಳಿ ಮಾಡಿದವರು ಹೇಳಿದ್ದಾರಂತೆ. ಕಂಪನಿಗೆ ಫೋನ್ ಮಾಡಿದರೆ, ಇನ್ನೂ ಮಾಹಿತಿ ಇಲ್ಲ ಎಂದರು. ಮೂರನೆಯ ದಿನ ರಾಮಮೂರ್ತಿ ನಗರದಿಂದ ಅತ್ತೆಯ ತಂಗಿ ಬಂದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ಇನ್ನೂ ಯಾಕೆ ಇಟ್ಕೊಂಡಿದೀಯ? ತಾಳಿ ತೆಗಿಯಮ್ಮ," ಎಂದು ಚಿಕ್ಕತ್ತೆ ನನ್ನ ಕತ್ತಿಗೆ ಕೈ ಹಾಕಿದರು. ನಾನು ತಡೆಯಲಿಲ್ಲ. ತಡೆಯಬೇಕೆಂದು ತೋಚಲೇ ಇಲ್ಲ.

ಅಷ್ಟರಲ್ಲಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಮಾಸ್ಟರ್ ಬಾಗಿಲಿಗೆ ಬಂದರು.

"ಕಂಪ್ನಿಯವ್ರು ಹೇಳಿದ್ರಾ?"

"ಟಿವೀಲಿ ಬಂತಲ್ಲ ಮಾಸ್ಟ್ರೇ. ಬಟ್ಟೆ ಹೊಲಿಯೋರಿಗೆ ಹಡಗಿನ್ ವಿಷ್ಯ ಏನ್ ಗೊತ್ತು?" ಚಿಕ್ಕತ್ತೆ ಸಿಡುಕಿದರು.

"ನಮ್ಮಪ್ಪ ಹಡಗಲ್ಲಿ ಅಡುಗೆಯವನು ಕಣಮ್ಮ. ಜಪಾನಿನೋರು ಅದನ್ನ ಮುಳುಗಿಸಿದ್ರು. ಎಲ್ಲಾ ಸತ್ರು ಅಂತ ಯಾರೋ ಹೇಳಿದ್ರು, ನಮ್ಮಮ್ಮ ಬಳೆ ಒಡ್ಕೊಂಡ್ಳು, ತಿಥಿನೂ ಆಯ್ತು. ಅವನು ಸೆರೆಯಲ್ಲಿದ್ದ. ಯುದ್ಧ ಮುಗಿದ್ಮೇಲೆ ಬಂದು ಬಾಗಿಲಲ್ಲಿ ನಿಂತ. ದೆವ್ವ ಅಂತ ಅಮ್ಮ ಕಿರುಚ್ಕೊಂಡು ಒಳಗೆ ಓಡಿದ್ಳು. ಆಮೇಲೆ ನಾನು ಹುಟ್ಟಿದೆ. ಆದ್ರೂ ಬದುಕಿರೋನಿಗೆ ತಿಥಿ ಮಾಡ್ಬಿಟ್ನಲ್ಲ ಅಂತ ಸಾಯೋವರ್ಗೂ ಅವನ ಮುಖ ನೋಡಿ ಮಾತಾಡ್ಲಿಲ್ಲ ಅವ್ಳು."

ಚಿಕ್ಕತ್ತೆಯ ಕೈ ಕೆಳಗಿಳಿಯಿತು. ಮಾಸ್ಟರ್ ಹೊಸ್ತಿಲಲ್ಲೇ ಕೂತರು. ಆ ದಿನ ಸಂಜೆಯವರೆಗೆ, ಮರುದಿನವೂ, ಅಂಗಡಿ ಮುಚ್ಚಿ ಅಲ್ಲೇ ಕೂತರು. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದರು: "ಯಾರು ಹೇಳಿದ್ದು?"

ಐದನೆಯ ದಿನ ಮಧ್ಯಾಹ್ನ ನನ್ನ ಗಂಡನದೇ ಫೋನ್ ಬಂತು. ಬೇರೆ ಹಡಗಿನವರು ಅವನನ್ನೂ ಜೊತೆಯವರನ್ನೂ ನೀರಿನಿಂದ ಎತ್ತಿದ್ದರು. "ಇದೀನಿ ಕಣೇ," ಎಂದ.

ಅಂಗಡಿಗೆ ಓಡಿದೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿತ್ತು, ಅದರಲ್ಲಿ ಒಂದೇ ಒಂದು ಗುಂಡಿ, ಮಗುಚಿಟ್ಟದ್ದು. ವಿಷಯ ಹೇಳಿದೆ. ಅದನ್ನು ಎತ್ತಿ, ಅಂಗಿಯಂಚಿಗೆ ಒರೆಸಿ, ನೆಟ್ಟಗಿಟ್ಟರು.

"ನಿಮಗೆ ಗೊತ್ತಿತ್ತು ಅಲ್ವಾ ಮಾಸ್ಟ್ರೇ?"

"ಏನೂ ಗೊತ್ತಿರ್ಲಿಲ್ಲಮ್ಮ. ಹೋಗ್ಬಿಟ್ಟಿದ್ದಾನೆ ಅಂತ್ಲೇ ಅನ್ಕೊಂಡಿದ್ದೆ. ನಿನ್ನ ಮುಖ ನೋಡೋಕೇ ಹೆದ್ರಿಕೆ ಆಗ್ತಿತ್ತು."

ಕಳೆದ ವರ್ಷ, ಜ್ವರ ಬಂದ ನಾಲ್ಕನೆಯ ದಿನ ಮಾಸ್ಟರ್ ತೀರಿಕೊಂಡರು. ನನ್ನ ಗಂಡ ಆಗ ರಜೆಯಲ್ಲಿದ್ದ. ಹಲಸೂರಿನಿಂದ ಸ್ಮಶಾನದವರೆಗೂ ಅವನು ಚಟ್ಟಕ್ಕೆ ಕೊಟ್ಟ ಹೆಗಲು ಬದಲಿಸಲಿಲ್ಲ. ಯಾರಾದರೂ ಕೊಡಿ ಎಂದರೆ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದ.

ಈಗ ಅವನು ಮತ್ತೆ ಸಮುದ್ರದಲ್ಲಿದ್ದಾನೆ. ಬೆಳಿಗ್ಗೆ ಅತ್ತೆ ಟಿವಿ ಹಾಕುತ್ತಾರೆ. ಹಡಗು ಕಂಡರೆ ನನ್ನನ್ನು ಕೂಗುತ್ತಾರೆ. ನಾನು ಕೈ ಒರೆಸಿಕೊಂಡು ಬಂದು, ಅವರ ಪಕ್ಕದಲ್ಲಿ ಕೂತು, ಯಾರು ಹೇಳಿದ್ದು ಎಂದು ಕೇಳುತ್ತೇನೆ. ನನಗೂ ಹೆದರಿಕೆಯೇ. ಆದರೂ ಕೇಳುತ್ತೇನೆ.